ಒಂದು ಅಂಗಡಿಗೆ ಒಂದೇ ಬಾಯಿ

“ನಿಮ್ಮ ತಮ್ಮನೇ ಕಣಮ್ಮ ನಂಗೆ ಹೇಳ್ಕೊಟ್ಟಿದ್ದು. ಇಲ್ಲಿ ಒತ್ತು, ಆಮೇಲೆ ಅಲ್ಲಿ ಒತ್ತು, ಮೂರು ದಿನಕ್ಕೆ ಪುಸ್ತಕ ಮನೆ ಬಾಗಿಲಿಗೇ ಬರುತ್ತೆ, ಅಂಗಡಿಗೆ ಯಾಕೆ ಬರ್ತೀಯಾ ಅಂತ. ಪುಣ್ಯಾತ್ಮ! ತನ್ನ ಗಿರಾಕೀನ ತಾನೇ ಸಾಗಹಾಕೋ ವ್ಯಾಪಾರಸ್ಥನ್ನ ನಾನು ಬೇರೆಲ್ಲೂ ನೋಡಿಲ್ಲ.”

ದರ್ಜಿ ಗಿರಿಮಲ್ಲಪ್ಪ ನನ್ನನ್ನು ಹೊಗಳುತ್ತಿದ್ದ. ಅಕ್ಕನ ಎರಡು ರವಿಕೆ ಹೊಲಿದು ತಂದಿದ್ದವನು ಕೊಟ್ಟು ಹೋಗಬಾರದೇ, ಹೊಸಿಲ ಮೇಲೆ ನಿಂತು ಜೇಬಿನಿಂದ ಫೋನು ತೆಗೆದು ತೋರಿಸುತ್ತಿದ್ದ. ನಾನು ಒಳಗೆ ಸ್ಟೂಲಿನ ಮೇಲೆ ಹತ್ತಿ ಪುಸ್ತಕದ ಕಪಾಟಿನ ಮೇಲಿನ ಅರೆಯ ಧೂಳು ಹೊಡೆಯುತ್ತಿದ್ದೆ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

“ಹೌದಾ?” ಎಂದಳು ಅಕ್ಕ. “ಯಾವಾಗ ಕಲಿಸಿದ್ದು?”

“ಹೋದ ದೀಪಾವಳಿ ಹೊತ್ತಿಗೆ. ನಂಗೊಬ್ನಿಗೇನಾ? ಕಾಂಪೌಂಡರ್‌ಗೆ, ವಕೀಲರಿಗೆ, ವಿಮಲಾಕ್ಷಿ ಟೀಚರ್‌ಗೆ, ಎಲ್ಲಾರಿಗೂ. ಬಾಗಿಲಲ್ಲೇ ಹಿಡ್ಕೊಂಡು ಕಲಿಸಿ ಕಳಿಸ್ತಿದ್ದ. ಏನ್ ತಾಳ್ಮೆ ಅಂತೀರಾ!”

ಅಕ್ಕ ರವಿಕೆಯನ್ನು ಮಡಿಲಲ್ಲಿ ಹರಡಿ ಹೊಲಿಗೆ ನೋಡಿದಳು. ತೋಳು ಸರಿಯಾಗಿದೆ ಎಂದಳು. ಗಿರಿಮಲ್ಲಪ್ಪ ಹೋದ ಮೇಲೆ ಒಂದು ಸಲ ತಲೆ ಎತ್ತಿ ಸ್ಟೂಲಿನ ಕಡೆ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಇಳಿದು ಬರಬಹುದಿತ್ತು. ನಾನು ಧೂಳಿಲ್ಲದ ಅರೆಯನ್ನು ಇನ್ನೂ ಅರ್ಧ ಗಂಟೆ ಒರೆಸಿದೆ.

ನಮ್ಮ ಊರಿಗೆ ಬಂದು ಹೋದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಬಾರದವರೇ ಹೆಚ್ಚಾದ್ದರಿಂದ ಹೇಳುತ್ತೇನೆ. ನಮ್ಮಲ್ಲಿ ಪುಸ್ತಕ ಕೊಳ್ಳುವುದೆಂದರೆ ಗಿರಾಕಿ ಮಣೆಯ ಮೇಲೆ ಕೂರಬೇಕು. ಎದುರಿಗೆ ಅಂಗಡಿಯ ‘ಬಾಯಿ’ ಕೂತು ಆ ಪುಸ್ತಕದ ಮೊದಲ ಪುಟವನ್ನು ಗಟ್ಟಿಯಾಗಿ ಓದಬೇಕು. ಇದಕ್ಕೆ ಬಾಯಿ ಬಿಡಿಸುವುದು ಎನ್ನುತ್ತೇವೆ. ಅಲ್ಲಿಂದ ಮುಂದೆ ಆ ಪುಸ್ತಕವನ್ನು ಯಾರು ಎಲ್ಲಿ ಕೂತು ಮನಸ್ಸಿನಲ್ಲಿ ಓದಿಕೊಂಡರೂ ಕಿವಿಗೆ ಬರುವುದು ಅದೇ ದನಿ, ಕೊನೆಯ ಪುಟದವರೆಗೆ. ಹಾಗೆ ಬಾಯಿ ಬಿಡಿಸಿದ ಒಂದೊಂದು ಪುಸ್ತಕವೂ ಓದಿದವರ ದನಿಯಿಂದ ಒಂದು ಎಳೆ ತೆಗೆದುಕೊಂಡು ಹೋಗುತ್ತದೆ. ಬಟ್ಟೆಯಿಂದ ನೂಲು ಎಳೆದ ಹಾಗೆ. ಒಂದೆರಡು ಎಳೆದರೆ ಗೊತ್ತಾಗುವುದಿಲ್ಲ. ಒಂದು ಅಂಗಡಿಗೆ ಒಂದೇ ಬಾಯಿ. ಆ ಬಾಯಿ ಪೂರಾ ಮುಗಿಯುವವರೆಗೆ ಇನ್ನೊಂದು ಕೂರುವಂತಿಲ್ಲ. ಬಾಗಿಲು ತೆರೆದಿದ್ದ ಮೇಲೆ ಕೇಳಿ ಬಂದವರಿಗೆ ಇಲ್ಲ ಎನ್ನುವಂತೆಯೂ ಇಲ್ಲ.

ಅಪ್ಪಯ್ಯನ ದನಿ ಮುಗಿದಾಗ ಅಕ್ಕನಿಗೆ ಹತ್ತೊಂಬತ್ತು, ನನಗೆ ಹದಿನೈದು. ಮುಂದಿನ ಬಾಯಿ ನಾನಾಗಬೇಕಿತ್ತು, ಗಂಡುಮಗ ಅಲ್ಲವೇ. ಅಪ್ಪಯ್ಯ ಸ್ಲೇಟಿನ ಮೇಲೆ ನನ್ನ ಹೆಸರು ಬರೆದು ಎಲ್ಲರಿಗೂ ತೋರಿಸಿದ್ದ. ಅಕ್ಕ ಸೆರಗಿನಿಂದ ಅದನ್ನು ಒರೆಸಿ ತನ್ನ ಹೆಸರು ಬರೆದಳು. “ಸೋಮ ಮಾತಿಲ್ಲದೆ ಒಂದು ದಿನ ಬದುಕಲ್ಲ ಅಪ್ಪಯ್ಯ. ನಿದ್ದೇಲೂ ಮಾತಾಡ್ತಾನೆ. ಅವನ ಬಾಯಿ ಅವನಿಗಿರಲಿ,” ಎಂದಳು. ಆ ಹೊತ್ತಿಗೆ ನನಗೆ ಆದದ್ದು ಸಂತೋಷ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಆದದ್ದು ಸಂತೋಷವೇ. ಮುಂದೆ ಮೂಕಿಯಾಗುವವಳನ್ನು ನೋಡಲು ಬಂದ ವರಗಳು ಎರಡೋ ಮೂರೋ. ಯಾರೂ ಎರಡನೇ ಸಲ ಬರಲಿಲ್ಲ. ನಾನು ಮದುವೆಯಾದೆ, ಹೆಂಡತಿಯನ್ನು ಕಳೆದುಕೊಂಡೆ, ಮಗಳನ್ನು ಕೊಟ್ಟು ಕಳಿಸಿದೆ. ಈ ಎಲ್ಲ ಹೊತ್ತಿನಲ್ಲೂ ಪುಸ್ತಕಕ್ಕೆ ರಟ್ಟು ಕಟ್ಟುತ್ತ, ಪೊಟ್ಟಣ ಮಾಡುತ್ತ ಅಕ್ಕನ ಪಕ್ಕದಲ್ಲಿ ಮಾತಾಡಿಕೊಂಡೇ ಇದ್ದೆ.

ದಾಕ್ಷಾಯಣಮ್ಮನ ದನಿ ಎಂದರೆ ಊರಿನಲ್ಲಿ ಅದಕ್ಕೊಂದು ಮರ್ಯಾದೆ. ಅವಳು ಬೀದಿಯಲ್ಲಿ ಹೋಗುತ್ತಿದ್ದರೆ ಗುರುತಿಲ್ಲದ ಹೆಂಗಸರು ಜಗಲಿಯಿಂದ ಎದ್ದು, “ಬೆಳಿಗ್ಗೆಯಿಂದ ನಿಮ್ಮ ಜೊತೇನೇ ಇದ್ದೆ ಕಣಮ್ಮ, ಇನ್ನೂ ಮೂವತ್ತು ಪುಟ ಬಾಕಿ,” ಎನ್ನುತ್ತಿದ್ದರು. ವಕೀಲ ರಾಚೋಟಿಯವರು ಓದುವ ಕಾಯಿದೆ ಅವಳ ದನಿಯಲ್ಲಿ, ಅವರ ಹೆಂಡತಿ ಓದುವ ಅಡಿಗೆಯೂ ಅವಳ ದನಿಯಲ್ಲಿ. ಕಾಂಪೌಂಡರ್ ಮದುವೆಯಾದ ಹೊಸತರಲ್ಲಿ ಒಂದು ಪ್ರೇಮದ ಕಾದಂಬರಿ ಕೊಂಡು, ನಾಲ್ಕನೇ ದಿನ ಮುಖ ಕೆಂಪಗೆ ಮಾಡಿಕೊಂಡು ತಂದು, “ಎಲ್ಲಾ ಚೆನ್ನಾಗಿದೆ ಸೋಮಣ್ಣ, ಆದ್ರೆ ಮುದ್ದು ಮಾಡೋ ಜಾಗ ಬಂದಾಗೆಲ್ಲ ಅಕ್ಕ ಬಂದು ಬಾಗಿಲಲ್ಲಿ ನಿಂತ ಹಾಗಾಗುತ್ತೆ,” ಎಂದು ಗೋಳಾಡಿದ್ದ. ಅಕ್ಕ ಅದನ್ನು ಕೇಳಿಸಿಕೊಂಡು ಎರಡು ದಿನ ನಕ್ಕಿದ್ದಳು.

ನಲವತ್ತು ವರ್ಷ ಹೀಗೆ. ದನಿ ಹೋಗುವುದು ಗಂಟಲು ಕಟ್ಟಿದ ಹಾಗೆ ಅಲ್ಲ. ಅಕ್ಷರ ಅಕ್ಷರವಾಗಿ ಹೋಗುತ್ತದೆ. ಮೊದಲು ಹೋಗುವುದು ಮಹಾಪ್ರಾಣ. ಅದು ಹೋದದ್ದು ಎಷ್ಟೋ ದಿನ ನಮಗೇ ತಿಳಿಯಲಿಲ್ಲ. ನಮ್ಮೂರಲ್ಲಿ ಮಾತಾಡುವಾಗ ಮಹಾಪ್ರಾಣ ಎಳೆಯುವವರು ಪುರೋಹಿತರೊಬ್ಬರೇ. ಆಮೇಲೆ ಣ ಹೋಯಿತು. ಅವಳ ಹೆಸರನ್ನು ಅವಳೇ ಸರಿಯಾಗಿ ಹೇಳದ ಹಾಗಾಯಿತು. ಮೂರು ವರ್ಷದ ಹಿಂದೆ ಳ ಹೋಯಿತು. ಅವತ್ತಿನಿಂದ ಅವಳು ‘ಹೇಳು’ ಎನ್ನುವ ಮಾತನ್ನೇ ಬಿಟ್ಟಳು. ಯಾಕೆಂದು ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ‘ಅನ್ನು’ ಎನ್ನುತ್ತಿದ್ದಳು. ಒಂದೇ ಒಂದು ಸೋಜಿಗವೆಂದರೆ, ಮಣೆಯ ಎದುರು ಕೂತು ಪುಟ ತೆರೆದಾಗ ಆ ಹೋದ ಅಕ್ಷರಗಳೆಲ್ಲ ವಾಪಸು ಬರುತ್ತಿದ್ದವು. ಆ ಒಂದು ಪುಟದ ಮಟ್ಟಿಗೆ ಹತ್ತೊಂಬತ್ತರ ದನಿ. ಪುಟ ಮುಗಿದರೆ ಮತ್ತೆ ಅದೇ ತೂತು ಬಿದ್ದ ಮಾತು.

ಳ ಹೋದ ಮೇಲೆ ಉಳಿಯುವುದು ಹನ್ನೆರಡು ಪುಸ್ತಕಕ್ಕಾಗುವಷ್ಟು ದನಿ. ಇದು ಹಿರಿಯರ ಲೆಕ್ಕ; ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಅಪ್ಪಯ್ಯನಿಗೂ ಹಾಗೇ ಆಗಿತ್ತು. ಹನ್ನೊಂದನೆಯದು ವಕೀಲರ ಸೊಸೆ ಕೊಂಡ ಹೊಲಿಗೆ ಪುಸ್ತಕ. ಅವಳು ಪೊಟ್ಟಣ ಹಿಡಿದು ಮೆಟ್ಟಿಲಿಳಿಯುತ್ತಿದ್ದ ಹಾಗೇ ಅಕ್ಕ, “ಇನ್ನೊಂದು ಕನೋ,” ಎಂದಳು, ಪಾಯಸದ ಪಾತ್ರೆಯ ತಳ ನೋಡಿ ಇನ್ನೊಬ್ಬರಿಗಾಗುತ್ತದೆ ಎನ್ನುವವರ ಹಾಗೆ.

ಅವತ್ತೇ ನಾನು ನಿರ್ಧಾರ ಮಾಡಿದ್ದು. ಪಾರ್ಸಲಿನ ಪುಸ್ತಕಗಳು ಊರಿಗೆ ಬರಲು ಶುರುವಾಗಿ ಆಗಲೇ ವರ್ಷವಾಗಿತ್ತು. ಅವುಗಳನ್ನು ಮೂಕ ಪುಸ್ತಕ ಎನ್ನುತ್ತಿದ್ದೆವು. ಯಾರೂ ಬಾಯಿ ಬಿಡಿಸದ ಪುಸ್ತಕದಲ್ಲಿ ಓದುವವರಿಗೆ ಅವರದೇ ದನಿ ಕೇಳುತ್ತದಂತೆ. ಅದಕ್ಕೆ ಮೊದಮೊದಲು ಜನ ಹೆದರಿದರು. ಪೋಸ್ಟ್‌ಮ್ಯಾನ್ ಹೆಂಡತಿ ಎರಡು ಪುಟ ಓದಿ, “ಯವ್ವಾ, ನನ್ನ ದನಿ ಇಷ್ಟು ಕೀರಲಾ?” ಎಂದು ಪುಸ್ತಕ ಮುಚ್ಚಿಟ್ಟಳಂತೆ. ಆದರೆ ಬೆಲೆ ನಮ್ಮದಕ್ಕಿಂತ ಕಡಿಮೆ, ಮಣೆಯ ಮೇಲೆ ಕೂರಬೇಕಾಗಿಲ್ಲ; ಜನ ಒಗ್ಗಿಕೊಂಡರು. ನಾನು ಅಂಗಡಿಯಲ್ಲಿ ಕೂತು ಆ ಪಾರ್ಸಲಿನವರನ್ನು ಬೇಕಾದಷ್ಟು ಬೈದವನೇ. ಆದರೆ ಹನ್ನೊಂದನೆಯ ಪುಸ್ತಕ ಹೋದ ಮೇಲೆ ಅವರು ನನಗೆ ದೇವರು ಕಳಿಸಿದವರ ಹಾಗೆ ಕಂಡರು. ಗಿರಾಕಿ ಮೆಟ್ಟಿಲು ಹತ್ತುವ ಮೊದಲೇ ನಾನು ಬೀದಿಗಿಳಿದು ಎದುರುಗೊಳ್ಳುತ್ತಿದ್ದೆ. “ಆ ಪುಸ್ತಕ ನಮ್ಮಲ್ಲಿಲ್ಲ. ನಿನ್ನ ಫೋನು ಕೊಡು ಇಲ್ಲಿ.” ಬೆರಳು ಹಿಡಿದು ಒತ್ತಿಸುತ್ತಿದ್ದೆ. ಅಕ್ಕ ಒಳಗಿನಿಂದ, “ಯಾರೋ ಬಂದ ಹಾಗಿತ್ತು?” ಎಂದರೆ, “ದಾರಿ ಕೇಳಿದ್ರು,” ಎನ್ನುತ್ತಿದ್ದೆ. ಅಷ್ಟೊಂದು ಜನ ದಾರಿ ಕೇಳಬೇಕಾದರೆ ನಮ್ಮೂರು ಎಷ್ಟು ದೊಡ್ಡದಿರಬೇಕು ಎಂದು ಅವಳು ಯಾವತ್ತೂ ಕೇಳಲಿಲ್ಲ.

ಹದಿನಾಲ್ಕು ತಿಂಗಳು. ಅಷ್ಟು ದಿನವೂ ಅವಳು ಬೆಳಿಗ್ಗೆ ಮಿಂದು, ಮಣೆ ಒರೆಸಿ, ಬಾಗಿಲಿಗೆ ಮುಖ ಮಾಡಿ ಕೂತಳು. ನಾನು ಅವಳ ಬೆನ್ನ ಹಿಂದೆ ಕೂತು ಯಾರೂ ಬಾರದಿರಲಿ ಎಂದು ಬೇಡಿಕೊಂಡೆ. ಒಂದೇ ಅಂಗಡಿಯಲ್ಲಿ ಇಬ್ಬರು, ಎರಡು ಹರಕೆ.

ಗಿರಿಮಲ್ಲಪ್ಪ ಹೋದ ಮೇಲೆ ಅಕ್ಕ ಮೂರು ದಿನ ಮಾತಾಡಲಿಲ್ಲ. ಮುಂದೆ ಅವಳು ಹೇಗಿರುತ್ತಾಳೆ ಎನ್ನುವುದನ್ನು ನನಗೆ ಮೊದಲೇ ತೋರಿಸಿದ ಹಾಗಿತ್ತು. ಅನ್ನ ಬಡಿಸಿದಳು, ಸಾರು ಬಡಿಸಿದಳು, ಸಾಕು ಎಂದರೂ ಬಡಿಸಿದಳು. ನಾನು ಹವಾಮಾನದ ಮಾತಾಡಿದೆ, ಮಗಳ ಮಾತಾಡಿದೆ, ಗೋಡೆಯ ಜೊತೆ ಮಾತಾಡಿದ ಹಾಗಿತ್ತು. ನಾಲ್ಕನೇ ದಿನ ಬೆಳಿಗ್ಗೆ ಅವಳೇ ಶುರುಮಾಡಿದಳು.

“ಎಷ್ಟು ಜನಾನ ಕಲಿಸ್ದೆ?”

ವಾಪಸು ಕಳಿಸಿದೆಯಾ ಎಂದು ಕೇಳುತ್ತಿದ್ದಾಳೋ, ಫೋನು ಕಲಿಸಿದೆಯಾ ಎಂದೋ ತಿಳಿಯಲಿಲ್ಲ. ಅವಳ ಬಾಯಲ್ಲಿ ಎರಡೂ ಒಂದೇ ಆಗಿತ್ತು, ನಾನು ಮಾಡಿದ್ದೂ ಎರಡನ್ನೂ. “ಇಪ್ಪತ್ತು ಇಪ್ಪತ್ತೈದು ಮಂದಿ ಇರಬೇಕು,” ಎಂದೆ.

“ಯಾಕೋ?”

“ನಿನಗೆ ಗೊತ್ತಿಲ್ವಾ ಯಾಕೆ ಅಂತ? ಒಂದೇ ಉಳಿದಿದೆ. ಅದೂ ಹೋದ್ರೆ ಆಮೇಲೆ ನೀನು ನನ್ನ ಹತ್ರ ಮಾತಾಡೋದು ಹೇಗೆ?”

“ನಿನ್ನ ಹತ್ರ ನಾನು ಮಾತಾಡಿದ್ದು ಯಾವಾಗ? ನೀನು ಸಂದಿ ಕೊಟ್ರೆ ತಾನೆ!” ಅಷ್ಟು ಹೇಳಿ ನಕ್ಕಳು, ನಗು ಅರ್ಧಕ್ಕೇ ನಿಂತಿತು. “ಅದನ್ನ ಇಟ್ಕೊಂಡು ಏನ್ ಮಾಡ್ಲೋ ನಾನು? ಉಪ್ಪಿನಕಾಯಿ ಹಾಕ್ಲಾ? ಗಂಟಲಲ್ಲಿ ಮೀನಿನ ಮುಲ್ಲು ಸಿಕ್ಕಿಕೊಂಡ ಹಾಗೆ ಸಿಕ್ಕೊಂಡಿದೆ ಅದು. ಕೊಟ್ಟು ಮುಗಿಯೋದು ಬೇರೆ ಕನೋ, ಬೇಡವಾಗಿ ಉಲಿಯೋದು ಬೇರೆ.”

ನಾನು ಅರ್ಧ ಕಟ್ಟಿದ ರಟ್ಟೊಂದನ್ನು ಕೈಗೆತ್ತಿಕೊಂಡೆ.

“ಒಂದು ವರ್ಷ ದಿನಾ ಇಲ್ಲಿ ಕೂತು ಯೋಚನೆ ಮಾಡ್ತಿದ್ದೆ,” ಎಂದಳು. “ನಾನು ಯಾರಿಗೆ ಏನು ಕೆಟ್ಟದಾಗಿ ಓದಿಕೊಟ್ಟೆ, ಎಲ್ಲಿ ತಪ್ಪಿದೆ ಅಂತ. ಊರಿಗೆ ಊರೇ ನನ್ನ ದನಿ ಸಾಕು ಅಂದ್ಬಿಡ್ತಲ್ಲ, ಯಾಕೆ ಅಂತ. ಈಗ ಗೊತ್ತಾಯ್ತು. ಸಾಕು ಅಂದಿದ್ದು ಅವರಲ್ಲ, ನೀನು.” ಇದನ್ನು ಹೇಳುವಾಗ ಅವಳ ಮುಖದಲ್ಲಿ ಸಿಟ್ಟಿತ್ತು, ಸಿಟ್ಟಿಗಿಂತ ಹೆಚ್ಚಾಗಿ ಒಂದು ಬಗೆಯ ಬಿಡುಗಡೆ ಇತ್ತು. ಕಾಯಿಲೆಯ ಹೆಸರು ತಿಳಿದವರ ಮುಖದಲ್ಲಿ ಇರುತ್ತದಲ್ಲ, ಅದು. “ಹೋಗು. ನೀನೇ ಓಡಿಸಿದವರಲ್ಲಿ ಒಬ್ಬರನ್ನ ಕರ್ಕೊಂಡು ಬಾ. ಒಬ್ಬರು ಸಾಕು.”

ಹೋದೆ. ಮೊದಲು ಕಾಂಪೌಂಡರ್ ಮನೆಗೆ. “ಅಕ್ಕಂಗೆ ನಮಸ್ಕಾರ ಹೇಳಿ ಸೋಮಣ್ಣ. ನಮ್ಮನೆ ಮಕ್ಕಳಿಗೆ ಅವರವರ ದನೀನೇ ರೂಢಿ ಆಗ್ಬಿಟ್ಟಿದೆ. ಮೊನ್ನೆ ಒಂದು ಹಳೇ ಪುಸ್ತಕ ತೆಗೆದುಕೊಟ್ರೆ, ಇದ್ಯಾರಪ್ಪ ಒಳಗೆ ಕೂತಿರೋದು ಅಂತ ಹೆದರಿಕೊಂಡ್ವು,” ಎಂದ. ವಕೀಲ ರಾಚೋಟಿಯವರು ಕುರ್ಚಿ ಹಾಕಿ ಕೂರಿಸಿದರು. “ನೋಡಿ ಸೋಮಲಿಂಗಪ್ಪ, ನಲವತ್ತು ವರ್ಷ ನಿಮ್ಮ ಅಕ್ಕ ಹೇಳಿದ್ದಕ್ಕೆಲ್ಲ ತಲೆ ಆಡಿಸ್ದೆ. ಅವರ ದನೀಲಿ ಏನು ಬರೆದಿದ್ರೂ ನಿಜ ಅನ್ನಿಸೋದು. ಈಗ ನನ್ನ ದನೀಲಿ ಓದ್ತೀನಿ ನೋಡಿ, ಸಾಲು ಸಾಲಿಗೂ ಜಗಳ ಆಡ್ತೀನಿ. ಈ ವಯಸ್ಸಿಗೆ ಹೊಸಾ ಚಟ.” ಗಿರಿಮಲ್ಲಪ್ಪ ಮದುವೆ ಕಾಲ, ಸೂಜಿ ಕೆಳಗಿಡಲು ಹೊತ್ತಿಲ್ಲ ಎಂದ. ಯಾರೂ ಒರಟಾಗಿ ಮಾತಾಡಲಿಲ್ಲ. ಎಲ್ಲರ ಮನೆಯಲ್ಲೂ ಟೀ ಆಯಿತು. ಬಾಗಿಲು ಹಾಕಿಕೊಂಡಿದ್ದರೆ ವಾಸಿ ಎನ್ನಿಸುವಷ್ಟು ಟೀ.

ಕೊನೆಗೆ ವಿಮಲಾಕ್ಷಿ ಟೀಚರ್. ಆಕೆ ಶಾಲೆಯಿಂದ ಆಗ ತಾನೇ ಬಂದಿದ್ದರು, ಕೈಗೆ ಸೀಮೆಸುಣ್ಣದ ಪುಡಿ ಮೆತ್ತಿತ್ತು. ನನ್ನ ಮಾತು ಪೂರಾ ಕೇಳಿಸಿಕೊಂಡರು. ಒಳಗಿನ ಕೋಣೆಯ ಬಾಗಿಲು ಎಳೆದು ಬಂದು ದನಿ ತಗ್ಗಿಸಿದರು.

“ನಿಮ್ಮ ಹತ್ರ ಮುಚ್ಚಿಡೋದೇನಿದೆ. ನಮ್ಮನೆಯವರು ಕುಡೀತಾರೆ. ಕುಡಿಯೋರ ಜೊತೆ ಬಾಳೋದು ಹೇಗೆ ಅಂತ ಒಂದು ಪುಸ್ತಕ ಬಂದಿತ್ತು, ಅದು ಬೇಕಾಗಿತ್ತು ನಂಗೆ. ಅದನ್ನ ಮಣೆ ಮೇಲೆ ಕೂತು ದಾಕ್ಷಾಯಣಮ್ಮನ ಬಾಯಲ್ಲಿ ಕೇಳ್ಲಾ? ಬೀದಿಗೆ ಕೇಳೋ ಹಾಗೆ? ಆಮೇಲೆ ದಿನಾ ಅವರ ದನೀಲಿ, ನಿನ್ನ ಗಂಡ ಹೊಡೆದಾಗ ಹೀಗೆ ಮಾಡು ಅಂತ ಓದ್ಕೊಳ್ಲಾ? ಅವರೆದುರು ಆಮೇಲೆ ನಾನು ಮುಖ ಎತ್ತೋದು ಹೇಗೆ ಸೋಮಣ್ಣ?”

“ನಾನು ಆ ಫೋನಿನ ದಾರಿ ತೋರಿಸದೇ ಇದ್ದಿದ್ರೆ...”

“ಅಯ್ಯೋ, ನೀವು ತೋರಿಸೋಕೆ ಆರು ತಿಂಗಳು ಮೊದಲೇ ತರಿಸ್ಕೊಂಡಿದ್ದೆ. ಅವತ್ತು ನೀವು ಬೀದೀಲಿ ಹಿಡ್ಕೊಂಡು ಅಷ್ಟು ಆಸೆಯಿಂದ ಹೇಳ್ಕೊಡ್ತಿದ್ರಲ್ಲ, ಬೇಜಾರಾಗಬಾರದು ಅಂತ ಕಲಿತೋರ ಹಾಗೆ ಮಾಡ್ದೆ. ಎಲ್ಲಾರೂ ಹಾಗೇ ಮಾಡಿರ್ತಾರೆ.” ಕೈಯ ಸೀಮೆಸುಣ್ಣ ಸೆರಗಿಗೆ ಒರೆಸಿಕೊಂಡು, “ಅವರ ಹಳೇ ಪುಸ್ತಕಗಳನ್ನ ಈಗ್ಲೂ ಓದ್ತೀನಿ. ಕಥೆ ಆದ್ರೆ ಅವರ ದನಿಯಲ್ಲೇ ಬೇಕು. ಕಷ್ಟಕ್ಕೆ ಮಾತ್ರ ನನ್ನದೇ ಸಾಕು ಅನ್ಸುತ್ತೆ,” ಎಂದರು.

ಅಲ್ಲಿಂದ ಅಂಗಡಿಗೆ ಹತ್ತು ನಿಮಿಷದ ದಾರಿ. ನಾನು ಒಂದು ಗಂಟೆ ನಡೆದೆ. ಹದಿನಾಲ್ಕು ತಿಂಗಳು ನಾನೊಬ್ಬನೇ ಒಡ್ಡು ಕಟ್ಟಿ ಹೊಳೆ ತಡೆದಿದ್ದೇನೆ ಎಂದುಕೊಂಡಿದ್ದೆ; ನೀರು ಯಾವಾಗಲೋ ಬೇರೆ ಕಡೆ ತಿರುಗಿ ಹೋಗಿತ್ತು. ಅಕ್ಕನ ಮುಖದ ಆ ಬಿಡುಗಡೆ ಕಣ್ಣಿಗೆ ಕಟ್ಟಿತ್ತು. ಸಾಕು ಅಂದಿದ್ದು ಅವರಲ್ಲ, ನೀನು. ಈಗ ಹೋಗಿ ಏನೆಂದು ಹೇಳಲಿ? ಅಲ್ಲ ಅಕ್ಕ, ಅವರೇ ಎನ್ನಲೇ?

ಅವಳು ಮಣೆಯ ಹತ್ತಿರ ಕೂತಿದ್ದಳು. “ಯಾರು ಬರ್ತಾರಂತೆ?”

“ಯಾರೂ ಬರಲ್ಲ. ಎಲ್ಲಾ ನನ್ನಿಂದಲೇ ಆಗಿದ್ದು. ಬರೋ ಆಸೆ ಇದೆ ಅವರಿಗೆ. ಆದ್ರೆ ನಾನು ಅಂಗಡಿ ಮುಚ್ಚಿಹೋಗ್ತಿದೆ, ಅಕ್ಕನ ಕೈಲಿ ಆಗಲ್ಲ, ಬರಬೇಡಿ ಅಂತ ಆಣೆ ಹಾಕಿಸಿಕೊಂಡಿದ್ದೆ. ಊರೆಲ್ಲ ಹಾಗೇ ನಂಬಿದೆ. ಈಗ ಮಾತು ತಪ್ಪಲ್ಲ ಅಂತಾರೆ.” ಸುಳ್ಳು ಹೇಳಲು ನನಗೆ ಅಭ್ಯಾಸವಿದೆ, ಆದರೆ ನನ್ನ ಮೇಲೆ ನಾನೇ ಹೇಳಿಕೊಂಡ ಮೊದಲ ಸುಳ್ಳು ಅದು.

ಅಕ್ಕ ಬೈದಳು. ನಲವತ್ತು ವರ್ಷದಲ್ಲಿ ಬೈಯದ್ದನ್ನೆಲ್ಲ ಸೇರಿಸಿ ಬೈದಳು. “ಮನೆಹಾಲ! ನಿನ್ನ ಬಾಯಿ ಬಿದ್ದುಹೋಗ!” ಎಂದಳು. ಎಂದವಳೇ ತಾನು ಅಂದದ್ದು ತನಗೇ ಕೇಳಿಸಿ, ಸೆರಗು ಬಾಯಿಗೆ ಹಿಡಿದು ನಕ್ಕಳು. ನಗುತ್ತ ನಗುತ್ತ ಅತ್ತಳು. ನಾನು ಬೈಗುಳವನ್ನೆಲ್ಲ ತಲೆ ತಗ್ಗಿಸಿ ತೆಗೆದುಕೊಂಡೆ. ಅವಳಿಗೆ ಊರು ಉಳಿಯಬೇಕಾದರೆ ತಮ್ಮ ಹಾಳಾಗಬೇಕಿತ್ತು, ಆದೆ.

ಅದಾಗಿ ಹದಿನೈದು ದಿನವಿರಬೇಕು. ಬೆಳಿಗ್ಗೆ ಹನ್ನೊಂದರ ಸುಮಾರು. ಅಕ್ಕ ಒಳಗೆ ಕಾಫಿಗೆ ಹಾಲಿಡಲು ಹೋಗಿದ್ದಳು. ಅರವತ್ತೈದು ದಾಟಿದ ಒಬ್ಬ ಮನುಷ್ಯ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು, ಹೆಗಲ ಟವೆಲಿನಿಂದ ಕಾಲು ಒರೆಸಿಕೊಂಡು ಒಳಗೆ ಬಂದ. ಹೊಳೆಯಾಚೆಯವನು, ಹಿಂದೆ ದೋಣಿ ನಡೆಸುತ್ತಿದ್ದ ಹುಲುಗಪ್ಪ. ದೋಣಿಯಲ್ಲಿ ಎಷ್ಟೋ ಸಲ ಕೂತಿದ್ದೇನೆ, ಅಂಗಡಿಯಲ್ಲಿ ಅವನನ್ನು ನೋಡಿದ್ದು ಅದೇ ಮೊದಲು.

“ಕೋಳಿ ಸಾಕೋ ಪುಸ್ತಕ ಐತಾ ಸ್ವಾಮಿ?”

“ಇಲ್ಲ,” ಎಂದೆ. ನೆನಪಿರಲಿ, ಅಕ್ಕನ ಕೈಲಿ ಅಷ್ಟು ಬೈಸಿಕೊಂಡು ಹದಿನೈದೇ ದಿನವಾಗಿತ್ತು. ನಾಲಗೆಗೆ ಅದೊಂದು ಅಭ್ಯಾಸವಾಗಿತ್ತು. “ಫೋನಲ್ಲಿ ತರಿಸ್ಕೊಳ್ಳಿ, ಸಸ್ತಾ ಸಿಗುತ್ತೆ.”

“ನನ್ ತಾವ ಅದಿಲ್ಲ.”

“ಯಾರ ಹತ್ರಾನಾದ್ರೂ ಒತ್ತಿಸಿ. ನಾನೇ ಒತ್ತಿಕೊಡ್ತೀನಿ ಬೇಕಾದ್ರೆ.”

“ಅದು ಮೂಕ ಪುಸ್ತಕ ಅಲ್ವರಾ? ನನ್ ದನಿ ನಂಗೇ ಕೇಳ್ತದಂತೆ. ಹೊಳೆ ಮ್ಯಾಲೆ ನಲವತ್ತು ವರ್ಷ ಒಬ್ನೇ ಕೂಗಿದೀನಿ ಸ್ವಾಮಿ, ನನ್ ದನಿ ಸಾಕಾಗೈತೆ. ಸೇತುವೆ ಆಯ್ತು, ಹೆಂಡ್ರೂ ಹೋದ್ಲು. ಕೋಳಿ ಸಾಕಾನ ಅಂತವ್ನಿ. ಕೂಡಿಸಿ ಕೂಡಿಸಿ ಓದ್ತೀನಿ, ಒಂದು ಪುಟಕ್ಕೆ ಒಂದು ದಿನ ಆಯ್ತದೆ. ಆಗ್ಲಿ ಬುಡಿ. ಮನೇಲಿ ಇನ್ನೊಂದು ದನಿ ಇದ್ದಂಗೂ ಆಯ್ತದೆ.”

“ಆದ್ರೂ ನಮ್ಮಲ್ಲಿ ಆ ಪುಸ್ತಕ...”

“ಇದೆ,” ಎಂದಳು ಅಕ್ಕ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಎಷ್ಟು ಹೊತ್ತಿನಿಂದಲೋ. “ಮೂರನೇ ಅರೆ, ಎಡಗಡೆ. ಕೂತ್ಕೊಲ್ಲಿ ಅನ್ನ.”

ಅಣ್ಣ ಎಂದದ್ದು ಅನ್ನ ಆಯಿತು. ಹುಲುಗಪ್ಪನಿಗೆ ಏನು ತಿಳಿಯಿತೋ, “ಉಂಡ್ಕೊಂಡೇ ಬಂದೀನಿ ತಾಯಿ,” ಎಂದು ಮಣೆಯ ಮೇಲೆ ಕೂತ.

ನಾನು ಅವಳ ಹತ್ತಿರ ಹೋಗಿ ಕಿವಿಯಲ್ಲಿ ಹೇಳಿದೆ. “ಅಕ್ಕ, ಕೋಳಿಗಾ? ಕೊನೇದನ್ನ ಕೋಳಿಗೆ ಕೊಡ್ತೀಯಾ? ಒಂದು ಒಳ್ಳೇ ಕಾವ್ಯ ಕೇಳೋರು ಯಾರಾದ್ರೂ ಬರ್ತಾರೆ, ಸ್ವಲ್ಪ ತಡಿ.”

“ಕಾವ್ಯ ಕೇಲೋರು ಬಂದ್ರಾ?”

“ಬರ್ತಾರೆ.”

“ಬಂದವನು ಇವನು.” ಅವಳು ನನ್ನ ಮುಖವನ್ನೇ ನೋಡಿದಳು. ನಾನು ಟೀಚರ್ ಮನೆಯಿಂದ ತಂದು ಒಳಗಿಟ್ಟುಕೊಂಡಿದ್ದೆಲ್ಲ ಅವಳಿಗೆ ಕಾಣಿಸುತ್ತಿದೆಯೇನೋ ಎಂದು ನಾನು ಕಣ್ಣು ಬೇರೆ ಕಡೆ ತಿರುಗಿಸಿದೆ. “ನನಗೆ ಗೊತ್ತು ಕನೋ,” ಎಂದಳು ಮೆಲ್ಲಗೆ. ಏನು ಗೊತ್ತು ಎಂದು ಹೇಳಲಿಲ್ಲ. “ಪುಸ್ತಕ ತಾ.”

ತಂದೆ. ಧೂಳು ಒರೆಸಿದೆ. ಇನ್ನೊಂದು ಸಲ ಒರೆಸಿದೆ. ಅವಳು ಸೆರಗು ಸರಿಮಾಡಿಕೊಂಡು ಕೂತಳು. ನನಗೆ ತಡೆಯಲಾಗಲಿಲ್ಲ. “ಅಕ್ಕ, ಓದೋಕೆ ಮುಂಚೆ ನನಗೆ ಏನಾದ್ರೂ ಹೇಳೋದಿದ್ರೆ ಹೇಳು.”

ಅವಳು ಯೋಚಿಸಿದಳು. ನಿಜವಾಗಿ ಯೋಚಿಸಿದಳು. ಆಮೇಲೆ ಮೂಗಿನಿಂದ ಗಾಳಿ ಎಳೆದು ಅಡಿಗೆಮನೆಯ ಕಡೆ ಕತ್ತು ತಿರುಗಿಸಿ, “ಒಲೆ ಮೇಲೆ ಹಾಲಿದೆ. ಉಕ್ಕುತ್ತೆ, ನೋಡು,” ಎಂದಳು.

ಓಡಿಹೋಗಿ ಹಾಲು ಇಳಿಸಿ ಓಡಿಬಂದೆ. ನಾನು ಬರುವವರೆಗೆ ಅವಳು ಪುಟ ತೆರೆದಿರಲಿಲ್ಲ. ಹುಲುಗಪ್ಪ ಕೇಳುವುದಕ್ಕೆ ಕನ್ನಡಕ ಯಾಕೆ ಎಂದು ತೆಗೆದು ಪಕ್ಕದ ಮೇಜಿನ ಮೇಲಿಟ್ಟು, ಕೈ ಕಟ್ಟಿ, ಕಣ್ಣು ಮುಚ್ಚಿದ್ದ. ಅಕ್ಕ ಓದಿದಳು.

“ಕೋಳಿ ಸಾಕುವವನು ಮೊದಲು ತಾಳ್ಮೆ ಸಾಕಬೇಕು. ಮರಿಗಳು ಬರುವ ಹಿಂದಿನ ದಿನವೇ ಗೂಡನ್ನು ತೊಳೆದು ಒಣಗಿಸಿ, ನೆಲಕ್ಕೆ ನಾಲ್ಕು ಬೆರಳು ದಪ್ಪ ಭತ್ತದ ಹೊಟ್ಟು ಹರಡಬೇಕು. ದೀಪ ಹಚ್ಚಿಟ್ಟು ಗೂಡು ಬೆಚ್ಚಗಾದ ಮೇಲೆಯೇ ಮರಿಗಳನ್ನು ಒಳಗೆ ಬಿಡುವುದು. ಮರಿಗಳು ದೀಪದ ಕೆಳಗೆ ಗುಂಪುಗೂಡಿದರೆ ಅವಕ್ಕೆ ಚಳಿ ಎಂದರ್ಥ. ದೀಪದಿಂದ ದೂರ ಸರಿದರೆ ಸೆಖೆ. ಅಲ್ಲಲ್ಲಿ ಹರಡಿಕೊಂಡು ಮೆಲ್ಲಗೆ ಸದ್ದು ಮಾಡುತ್ತಿದ್ದರೆ ಸುಖವಾಗಿವೆ. ಸಾಕುವವನು ಗೂಡಿನ ಬಳಿ ಕೂತು ಆ ಸದ್ದನ್ನು ಕೇಳಿ ಕಲಿಯಬೇಕು...”

ಕೋಳಿ ಎಂದಳು. ಳ ಎಂದಳು. ಭತ್ತದ ಭ, ಸೆಖೆಯ ಖ, ಒಣಗಿಸುವ ಣ. ಸ್ಲೇಟಿನ ಮೇಲೆ ನನ್ನ ಹೆಸರು ಒರೆಸಿದ ದಿನದ ದನಿ ಅದು, ಒಂದು ಎಳೆಯೂ ಹೋಗದ ಹಾಗಿತ್ತು. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ಹೆಂಗಸರು ನಿಂತರು. ಪುಟದ ಕೊನೆಯ ಸಾಲಿಗೆ ಬಂದಾಗ ಅವಳು ಅವಸರ ಮಾಡಲಿಲ್ಲ, ನಿಧಾನವೂ ಮಾಡಲಿಲ್ಲ. ಎಲ್ಲ ಪುಸ್ತಕಗಳಿಗೆ ಹೇಗೋ ಹಾಗೆ ಓದಿ ಮುಗಿಸಿದಳು.

ಹುಲುಗಪ್ಪ ಕಣ್ಣು ತೆರೆದ. “ಅಷ್ಟೇನಾ ತಾಯಿ?”

ಅಕ್ಕ ಬಾಯಿ ತೆರೆದಳು, ಮುಚ್ಚಿದಳು, ತಲೆ ಆಡಿಸಿದಳು.

“ಅಷ್ಟೇ,” ಎಂದೆ ನಾನು. “ಮುಂದಿನದನ್ನ ನಿಮ್ಮ ಮನೇಲಿ ಓದ್ತಾಳೆ.”

“ಏನ್ ಚೆಂದ ಓದಿದ್ರಿ! ಕೋಳಿಗೂ ಕೇಳಂಗೆ. ಹಾಡಲ್ಲ, ಕಥೆಯಲ್ಲ, ಆದ್ರೂ ನೋಡಿ.” ಅವನು ಎದೆಯ ಮೇಲೆ ಕೈಯಿಟ್ಟುಕೊಂಡ. “ಇದು ಮುಗೀಲಿ, ಇನ್ನೊಂದಕ್ಕೂ ಇಲ್ಲಿಗೇ ಬತ್ತೀನಿ.”

“ಬನ್ನಿ,” ಎಂದೆ.

ಅಕ್ಕ ಪುಸ್ತಕಕ್ಕೆ ಕಾಗದ ಸುತ್ತಿ, ದಾರ ಕಟ್ಟಿ, ತುದಿಯನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಿ ಅವನ ಕೈಗೆ ಕೊಟ್ಟಳು. ಅವನು ಅದನ್ನು ಕಣ್ಣಿಗೊತ್ತಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದ. ಅವನು ಹತ್ತು ಮಾರು ಹೋಗಿರಬಹುದು, ಮೇಜಿನ ಮೇಲೆ ಅವನ ಕನ್ನಡಕ ಹಾಗೇ ಇರುವುದು ಇಬ್ಬರಿಗೂ ಒಟ್ಟಿಗೇ ಕಂಡಿತು. ಅಕ್ಕ ತಟಕ್ಕನೆ ಬಾಗಿಲಿಗೆ ಹೋಗಿ ಕತ್ತು ಚಾಚಿ ಕರೆದಳು. ಕತ್ತಿನ ನರ ಉಬ್ಬಿದ್ದಷ್ಟೇ ಕಂಡಿತು. ನಾನು ಕೂಗಬಹುದಿತ್ತು. ಕೂಗಲಿಲ್ಲ. ಅವಳು ಕನ್ನಡಕ ಎತ್ತಿ ಸೆರಗಿಗೆ ಸಿಕ್ಕಿಸಿಕೊಂಡು, ಬರಿಗಾಲಲ್ಲಿ ಮೆಟ್ಟಿಲಿಳಿದು, ಎರಡೂ ಕೈ ಮೇಲೆತ್ತಿ ಚಪ್ಪಾಳೆ ತಟ್ಟುತ್ತ ಅವನ ಹಿಂದೆ ಓಡಿದಳು. ಬೀದಿಯವರೆಲ್ಲ ತಿರುಗಿ ನೋಡಿದರು. ಮೂರನೇ ಚಪ್ಪಾಳೆಗೆ ಹುಲುಗಪ್ಪನೂ ನಿಂತ.